ಸುವಾಸನೆಯ ಹೂಬಳ್ಳಿಗಳನ್ನು ಬೆಳೆಸುವ ಮತ್ತು ಸವರುವ ಕ್ರಮ

ಪೀಠಿಕೆ

ನಮ್ಮ ನಾಡಿನಲ್ಲಿ ಹೂವು ಭೋಗವಸ್ತುವಲ್ಲ, ನಿತ್ಯೋಪಯೋಗದ ಪದಾರ್ಥವು. ದೇವರ ಪೂಜೆಗೂ, ಮದುವೆ ಮುಂಜಿಗಳಿಗೂ, ಹೆಂಗಸರ ಮುಡಿಗೂ ಅದು ಪ್ರತಿದಿನವೂ ಬೇಕು. ಆದುದರಿಂದಲೇ ಬಾವಿಯ ಕಟ್ಟೆಯ ಬಳಿಯಲ್ಲಿಯೋ, ಬಚ್ಚಲ ನೀರು ಹರಿಯುವ ಕಡೆಯಲ್ಲಿಯೋ ಒಂದು ಮಲ್ಲಿಗೆಯ ಬಳ್ಳಿಯನ್ನಾದರೂ ನೆಡದ ಮನೆ ಹಳ್ಳಿಗಳಲ್ಲಿ ಅಪರೂಪವು. ಆದರೆ ಹೀಗೆ ನೆಟ್ಟ ಬಳ್ಳಿಗಳಲ್ಲಿ ಅನೇಕವು ಎಲೆಯನ್ನು ಕೊಡುವುವೇ ಹೊರತು ಹೂವನ್ನು ಕೊಡುವುದಿಲ್ಲ. “ಗೊಬ್ಬರ ಹಾಕಿದೆವು, ನೀರು ಹೊಯ್ದೆವು, ಚಪ್ಪರ ತುಂಬ ಬಳ್ಳಿ ಹಬ್ಬಿದೆ, ಹೂವು ಮಾತ್ರ ಕಾಣೆವು” ಎಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ಎರಡು ಮೂರು ವರ್ಷ ಕಾದು ಬೇಸತ್ತು ಬಳ್ಳಿಯನ್ನು ಬುಡಸಹಿತ ಕಿತ್ತೆಸೆಯುವವರೂ ಉಂಟು.

ಇದು ಬಹುಮಟ್ಟಿಗೆ ಬಳ್ಳಿಯ ದೋಷವೂ ಅಲ್ಲ, ಭೂಮಿಯ ದೋಷವೂ ಅಲ್ಲ. ನೆರಳಿನಲ್ಲಿ ನೆಡುವುದು, ವರ್ಷವೆಲ್ಲ ಬಿಡುವಿಲ್ಲದೆ ನೀರು ಕೊಡುವುದು, ಸವರದೆ ಬಿಡುವುದು ಅಥವಾ ಹೊತ್ತಲ್ಲದ ಹೊತ್ತಿನಲ್ಲಿ ಸವರುವುದು, ಇವೇ ಕಾರಣಗಳು. ಚೆನ್ನಾಗಿ ನೋಡಿಕೊಂಡ ಮಲ್ಲಿಗೆಯ ಗಿಡವು ಹತ್ತು ಹದಿನೈದು ವರ್ಷ ಫಲ ಕೊಡತಕ್ಕದ್ದು. ಎರಡು ಗುಂಟೆಯ ಹೂವಿನ ತೋಟವು ಅನೇಕ ಮನೆಗಳಲ್ಲಿ ಹೆಂಗಸರ ಕೈಗೆ ದಿನವಹಿ ಹಣ ತರುವ ಏಕಮಾತ್ರ ಆಧಾರವಾಗಿರುವುದು. ಇಂಥ ತೋಟವು ಕತ್ತಿಯ ತಿಥಿ ತಪ್ಪಿದ್ದರಿಂದ ಹಾಳಾಗುವುದು ಶೋಚನೀಯವು. ಆದಕಾರಣ ಪರಿಮಳದ ಬಳ್ಳಿಗಳ ಬೇಸಾಯವನ್ನೂ, ಮುಖ್ಯವಾಗಿ ಅವುಗಳನ್ನು ಸವರುವ ಕಾಲವನ್ನೂ ಇಲ್ಲಿ ವಿವರಿಸಲಾಗಿದೆ.

ಹೂವು ಬರುವ ಕೊಂಬೆ ಯಾವುದು?

ಹೂಬಳ್ಳಿ ಬೆಳೆಸುವವನು ಮೊದಲು ತಿಳಿಯತಕ್ಕ ವಿಷಯವಿದು. ಬಳ್ಳಿಯ ಎಲ್ಲಾ ಕೊಂಬೆಗಳಲ್ಲಿಯೂ ಹೂವು ಬರುವುದಿಲ್ಲ. ಕೆಲವು ಜಾತಿಗಳು ಆ ವರ್ಷ ಹೊಸದಾಗಿ ಒಡೆದ ಚಿಗುರಿನಲ್ಲಿಯೇ ಹೂಬಿಡುವುವು. ಮಲ್ಲಿಗೆಯ ಜಾತಿಗಳು, ರಂಗೂನ್ ಮಲ್ಲಿಗೆ, ಹನಿಸಕಲ್ ಇವೆಲ್ಲವೂ ಈ ಗುಂಪಿಗೆ ಸೇರಿದವು. ಇವುಗಳನ್ನು ಹೂವಿನ ಕಾಲಕ್ಕೆ ಮುಂಚಿತವಾಗಿ ಸವರಬೇಕು. ಎಷ್ಟು ಹೊಸ ಚಿಗುರೋ ಅಷ್ಟು ಹೂವು. ಮಾಧವಿಯಂತೆ ಚಳಿಗಾಲ ಕಳೆದೊಡನೆ ಹೂಬಿಡುವ ಬಳ್ಳಿಗಳಿಗಾದರೋ ಹಿಂದಿನ ಮಳೆಗಾಲದಲ್ಲಿ ಬೆಳೆದು ಬಲಿತ ಕೊಂಬೆಯೇ ಆಧಾರ. ಅವುಗಳನ್ನು ಡಿಸೆಂಬರಿನಲ್ಲಿ ಸವರಿದರೆ ಬರಬೇಕಾಗಿದ್ದ ಹೂವನ್ನೇ ಕತ್ತರಿಸಿದಂತಾಗುವುದು. ಹೂವು ಮುಗಿದ ಮೇಲೆಯೇ ಸವರಬೇಕು.

ಮಲ್ಲಿಗೆಯನ್ನು ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಹಳೆಯ ಕೊಂಬೆಗಳು ಹೆಣೆದುಕೊಂಡು, ಹೊಸ ಚಿಗುರು ಒಡೆಯುವುದಕ್ಕೆ ಬೆಳಕೂ ಸ್ಥಳವೂ ಇಲ್ಲದೆ, ತುದಿಯಲ್ಲಿ ಮಾತ್ರ ನಾಲ್ಕು ಹೂವು ಕಾಣುವುವು.

ಬಳ್ಳಿಗಳ ಆಯ್ಕೆ

ದುಂಡು ಮಲ್ಲಿಗೆ.— ಇದು ಅರೆಬಳ್ಳಿ. ಪೊದೆಯಾಗಿಯೂ ಬೆಳೆಸಬಹುದು, ಗಿಡ್ಡ ಚಪ್ಪರಕ್ಕೂ ಹಬ್ಬಿಸಬಹುದು. ಮಾರ್ಚಿಯಿಂದ ಜೂನ್ ವರೆಗೆ ಹೂವು ಹೆಚ್ಚು. ಉಡುಪಿಯ ಶಂಕರಪುರದ ಸುತ್ತಲಿನ ಪ್ರಖ್ಯಾತವಾದ ಮಲ್ಲಿಗೆಯು ಈ ಜಾತಿಯದೇ.

ಸೂಜಿ ಮಲ್ಲಿಗೆ.— ಹೂವಿನಹಡಗಲಿಯ ಮಲ್ಲಿಗೆಯು ಈ ಜಾತಿಗೆ ಸೇರಿದುದು. ಮೊಗ್ಗು ಸಣ್ಣದು, ಪರಿಮಳ ತೀಕ್ಷ್ಣ. ಬೇಸಿಗೆಯ ಕೊನೆಯಿಂದ ಮಳೆಗಾಲದ ತನಕ ಹೂಬಿಡುವುದು. ಮೈಸೂರು, ಉಡುಪಿ, ಹಡಗಲಿ ಈ ಮೂರು ಊರುಗಳ ಮಲ್ಲಿಗೆಗಳೂ ಭೌಗೋಳಿಕ ಗುರುತನ್ನು ಪಡೆದಿರುವುವು.

ಜಾಜಿ.— ನಿಜವಾದ ಬಳ್ಳಿಯಂತೆ ಉದ್ದವಾಗಿ ಹರಿಯುವುದು. ಮೊಗ್ಗಿನ ಹೊರಮೈಯಲ್ಲಿ ನಸುಗೆಂಪು ಛಾಯೆ ಇರುವುದು. ಜೂನ್‌ನಿಂದ ಅಕ್ಟೋಬರ್ ವರೆಗೆ ಹೂವಿನ ಕಾಲ. ಸುಗಂಧದ್ರವ್ಯದ ಕಾರ್ಖಾನೆಗಳವರು ಹೆಚ್ಚಾಗಿ ಕೊಳ್ಳುವುದು ಇದನ್ನೇ.

ಕಾಕಡ.— ಪರಿಮಳ ತೀರ ಕಡಿಮೆ. ಆದರೂ ಇತರ ಮಲ್ಲಿಗೆಗಳು ನಿಂತುಹೋಗುವ ಚಳಿಗಾಲದಲ್ಲಿ ಹೂಕೊಡುವುದರಿಂದ ತೋಟದ ಒಂದು ಮೂಲೆಯಲ್ಲಿ ಇದಕ್ಕೂ ಸ್ಥಳವಿರುವುದು ಯುಕ್ತವು.

ರಂಗೂನ್ ಮಲ್ಲಿಗೆ.— ಹೆಸರಿನಲ್ಲಿ ಮಲ್ಲಿಗೆಯಾದರೂ ಬೇರೆ ಕುಲದ್ದು. ಸಂಜೆ ಬೆಳ್ಳಗೆ ಅರಳಿದ ಹೂವು ಮಾರನೆಯ ದಿನ ಗುಲಾಬಿಯ ಬಣ್ಣಕ್ಕೂ ಆಮೇಲೆ ಕೆಂಪಿಗೂ ತಿರುಗುವುದು. ಒಂದೇ ಗೊಂಚಲಿನಲ್ಲಿ ಮೂರು ಬಣ್ಣ ಕಾಣುವುದು. ಉದುರಿದ ಎಲೆಯ ತೊಟ್ಟುಗಳು ಗಟ್ಟಿಯಾಗಿ ಮುಳ್ಳಿನಂತೆ ಉಳಿದು ಬಳ್ಳಿಯನ್ನು ಮೇಲೇರಿಸುವುವು. ಇದು ಭಾರವಾದ ಬಳ್ಳಿ. ಗಟ್ಟಿ ಕಂಬದ ಚಪ್ಪರವಿಲ್ಲದಿದ್ದರೆ ಒಂದು ಮಳೆಗೆ ಕೆಡವಿಬಿಡುವುದು.

ಮಾಧವಿ.— ನಮ್ಮ ಕಾಡುಗಳ ಹಳೆಯ ಬಳ್ಳಿ. ಬುಡವು ಮರದಂತೆ ದಪ್ಪವಾಗುವುದು. ಬಿಳಿಯ ಎಸಳುಗಳಲ್ಲಿ ಒಂದಕ್ಕೆ ಮಾತ್ರ ಹಳದಿಯ ಮಚ್ಚೆ. ಬೀಜಕ್ಕೆ ಮೂರು ರೆಕ್ಕೆ. ಮನೆಯ ಗೋಡೆಗೆ ತಾಗಿಸಿ ನೆಡತಕ್ಕದ್ದಲ್ಲ. ದೇವಸ್ಥಾನದ ತೋಟ, ಶಾಲೆಯ ಆವರಣ ಇಂಥ ವಿಶಾಲವಾದ ಕಡೆಗೆ ತಕ್ಕದ್ದು.

ಮನೋರಂಜಿನಿ.— ಹಸುರಾಗಿ ಹುಟ್ಟಿ ಹಳದಿಯಾಗಿ ಮಾಗುವ ಈ ಹೂವಿಗೆ ಹಣ್ಣಿನ ವಾಸನೆ. ಹೂವಿನ ತೊಟ್ಟೇ ಕೊಕ್ಕೆಯಾಗಿ ಬಾಗಿ ಆಸರೆಯನ್ನು ಹಿಡಿಯುವುದು. ಅರೆನೆರಳಿನಲ್ಲಿಯೂ ಹೂಬಿಡುವ ಗುಣ ಇದರದು. ಆದರೆ ಬೆಳವಣಿಗೆ ನಿಧಾನ.

ಹನಿಸಕಲ್ ಬಳ್ಳಿಯ ವಿಷಯ

ಈ ಬಳ್ಳಿಯ ವಿಚಾರವಾಗಿ ಅನೇಕರು ಕುತೂಹಲ ತೋರುವುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯಬೇಕಾಗಿದೆ. ಲೋನಿಸೆರಾ ಎಂಬ ಕುಲದಲ್ಲಿ ಬಹಳ ಜಾತಿಗಳುಂಟು. ನೀಲಗಿರಿಯ ಶೋಲೆಕಾಡುಗಳಲ್ಲಿ ಈ ಕುಲದ ಬಳ್ಳಿಯೊಂದು ತಾನಾಗಿಯೇ ಬೆಳೆದಿರುವುದು. ಆದರೆ ತೋಟಗಳಲ್ಲಿ ಸಾಮಾನ್ಯವಾಗಿ ಬೆಳೆಸುವುದು ಜಪಾನ್, ಚೀನ, ಕೊರಿಯ ದೇಶಗಳಿಂದ ಬಂದ ಲೋನಿಸೆರಾ ಜಪೋನಿಕಾ. ಎಲೆಯ ಕಂಕುಳಿನಲ್ಲಿ ಹೂವು ಜೋಡಿಯಾಗಿ ಬರುವುದು. ಸಂಜೆ ಬೆಳ್ಳಗೆ ಅರಳಿ, ಒಂದೆರಡು ದಿನಗಳಲ್ಲಿ ಹೊನ್ನಿನ ಬಣ್ಣಕ್ಕೆ ತಿರುಗುವುದು. ಬೆಳ್ಳಿಯ ಹೂವೂ ಹೊನ್ನಿನ ಹೂವೂ ಒಂದೇ ಬಳ್ಳಿಯಲ್ಲಿ ಕೂಡಿರುವುದರಿಂದ ಚೀನೀಯರು ಇದನ್ನು ಚಿನ್ನ-ಬೆಳ್ಳಿಯ ಹೂವೆಂದು ಕರೆದು, ಮೊಗ್ಗುಗಳನ್ನು ಒಣಗಿಸಿ ಔಷಧಕ್ಕೆ ಉಪಯೋಗಿಸುವರು. ಹೂವಿನ ಕೊಳವೆಯ ತಳದಲ್ಲಿ ಸಿಹಿಯಾದ ರಸವಿರುವುದು. ಹೆಸರು ಬಂದುದೂ ಇದರಿಂದಲೇ. ಪರಿಮಳವು ಕತ್ತಲಾದ ಮೇಲೆ ಹೆಚ್ಚು. ಮಲ್ಲಿಗೆಯಂತೆ ಇದೂ ರಾತ್ರಿ ಹಾರುವ ಪತಂಗಗಳನ್ನು ಕರೆಯುವ ಹೂವು. ಬಿಳಿಯ ಬಣ್ಣವೂ ಉದ್ದವಾದ ಕೊಳವೆಯೂ ಇರುಳಿನ ವಾಸನೆಯೂ ಅದಕ್ಕಾಗಿಯೇ ಉಂಟಾದವು.

ಇದು ತಂಪು ಹವೆಯ ಬಳ್ಳಿ. ಕೊಡಗು, ಚಿಕ್ಕಮಗಳೂರಿನ ಎತ್ತರದ ಪ್ರದೇಶಗಳಲ್ಲಿ ಹುಲುಸಾಗಿ ಬೆಳೆಯುವುದು. ಬೆಂಗಳೂರು, ಮೈಸೂರುಗಳ ಹವೆಯಲ್ಲಿ ಮಧ್ಯಾಹ್ನದ ಬಿಸಿಲು ತಪ್ಪಿಸಿ, ಪೂರ್ವಕ್ಕೆ ಮುಖವಾಗಿ ಹಬ್ಬಿಸಿದರೆ ಬದುಕಿ ಹೂಬಿಡುವುದು. ಬಳ್ಳಾರಿ, ರಾಯಚೂರು ಕಡೆಯ ಸುಡುಬಿಸಿಲಿನಲ್ಲಿ ಇದಕ್ಕಾಗಿ ಶ್ರಮಪಡುವುದು ವ್ಯರ್ಥವು. ಆ ಭಾಗದವರಿಗೆ ಸೂಜಿ ಮಲ್ಲಿಗೆಯೇ ಉತ್ತಮ.

ಇದನ್ನು ನೆಡುವವರಿಗೆ ಒಂದು ಎಚ್ಚರಿಕೆ. ಇದರ ಕೊಂಬೆಯು ನೆಲಕ್ಕೆ ತಾಗಿದಲ್ಲೆಲ್ಲ ಬೇರು ಬಿಡುವುದು. ಕಪ್ಪು ಹಣ್ಣುಗಳನ್ನು ತಿಂದ ಹಕ್ಕಿಗಳು ಬೀಜವನ್ನು ದೂರ ಹರಡುವುವು. ಅಮೆರಿಕಕ್ಕೆ ೧೮೦೬ರಲ್ಲಿ ಅಲಂಕಾರಕ್ಕೆಂದು ತಂದ ಈ ಬಳ್ಳಿಯು ಅಲ್ಲಿನ ಪೂರ್ವಭಾಗದ ಕಾಡುಗಳಿಗೆ ನುಗ್ಗಿ, ಸಣ್ಣ ಮರಗಳನ್ನು ಮುಚ್ಚಿ ಕೊಲ್ಲುವ ಕಳೆಯಾಗಿ ಪರಿಣಮಿಸಿತು. ಲಂಟಾನದಿಂದ ನಾವು ಪಟ್ಟ ಪಾಡನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಆದುದರಿಂದ ಕಾಡಂಚಿನಲ್ಲಿಯೂ ಹಳ್ಳದ ದಂಡೆಯಲ್ಲಿಯೂ ಇದನ್ನು ನೆಡಕೂಡದು. ಮನೆಯಂಗಳದಲ್ಲಿ ನೆಟ್ಟವರು ಹೂವು ಮುಗಿದೊಡನೆ, ಕಾಯಿ ಹಣ್ಣಾಗುವುದಕ್ಕೆ ಮುಂಚೆ, ಹೂಬಿಟ್ಟ ಕೊಂಬೆಗಳನ್ನು ಕತ್ತರಿಸಿ ಸುಡಬೇಕು. ಮಕ್ಕಳು ಹಣ್ಣನ್ನು ತಿನ್ನದಂತೆ ನೋಡಿಕೊಳ್ಳಬೇಕು. ಅದು ಹೊಟ್ಟೆಗೆ ಒಗ್ಗತಕ್ಕದ್ದಲ್ಲ.

ಸ್ಥಳ, ಸಸಿ, ನಾಟಿ

ಮಲ್ಲಿಗೆಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ನೀರು ಬಸಿದುಹೋಗುವ ಕೆಂಪು ಗೋಡುಮಣ್ಣು ಶ್ರೇಷ್ಠ. ಜಿಗುಟಾದ ಎರೆಮಣ್ಣಿನಲ್ಲಿ ಬೇರು ಕೊಳೆಯುವುದು. ಸುಣ್ಣದ ಅಂಶ ಹೆಚ್ಚಾದ ಭೂಮಿಯಲ್ಲಿ ಎಲೆ ಬಿಳಿಚಿಕೊಳ್ಳುವುದು. ಬಚ್ಚಲ ನೀರು ಸದಾ ನಿಲ್ಲುವ ಕಡೆಯಲ್ಲಿ ನೆಡುವ ವಾಡಿಕೆಯನ್ನು ಬಿಡಬೇಕು. ಆ ನೀರನ್ನು ಕಾಲುವೆಯಲ್ಲಿ ತಂದು, ಬೇಕಾದಾಗ ತಿರುಗಿಸಿ ಬೇಡವಾದಾಗ ನಿಲ್ಲಿಸುವ ಏರ್ಪಾಡು ಇರತಕ್ಕದ್ದು.

ಮಳೆಗಾಲದಲ್ಲಿ ಬೆರಳಿನಲ್ಲಿ ಅರ್ಧ ದಪ್ಪವಿರುವ, ಮೂರು ನಾಲ್ಕು ಗಿಣ್ಣುಗಳುಳ್ಳ ೬ರಿಂದ ೮ ಅಂಗುಲದ ಕಡ್ಡಿಗಳನ್ನು ಕತ್ತರಿಸಿ, ಮರಳು ಬೆರೆಸಿದ ಮಡಿಯಲ್ಲಿ ನೆರಳಿನಲ್ಲಿ ನೆಟ್ಟರೆ ಸಸಿಗಳಾಗುವುವು. ಜಾಜಿಯ ಉದ್ದ ಕೊಂಬೆಯನ್ನು ನೆಲಕ್ಕೆ ಬಗ್ಗಿಸಿ, ಗಿಣ್ಣಿನ ಬಳಿ ತುಸು ಸೀಳಿ ಮಣ್ಣಿನಲ್ಲಿ ಹೂಳಿದರೆ ಮೂರು ನಾಲ್ಕು ತಿಂಗಳಲ್ಲಿ ಬೇರು ಬರುವುದು. ಹೆಚ್ಚು ಹೂ ಕೊಟ್ಟ ಗಿಡವನ್ನು ಹೂವಿನ ಕಾಲದಲ್ಲಿಯೇ ಗುರುತಿಟ್ಟು, ಅದರಿಂದಲೇ ಕಡ್ಡಿ ತೆಗೆಯಬೇಕು.

ಒಂದೂವರೆ ಅಡಿ ಉದ್ದಗಲ ಆಳದ ಗುಂಡಿ ತೋಡಿ, ಹದಿನೈದು ದಿನ ಬಿಸಿಲು ಕಾಯಿಸಿ, ೧೦ ಕಿಲೋ ಕಳಿತ ಕೊಟ್ಟಿಗೆ ಗೊಬ್ಬರವನ್ನು ಮೇಲ್ಮಣ್ಣಿನೊಡನೆ ತುಂಬಿ ನೆಡತಕ್ಕದ್ದು. ದುಂಡು ಮಲ್ಲಿಗೆಗೆ ನಾಲ್ಕು ಅಡಿ, ಸೂಜಿ ಮಲ್ಲಿಗೆಗೆ ಐದು ಅಡಿ, ಜಾಜಿಗೆ ಸಾಲಿನಿಂದ ಸಾಲಿಗೆ ಆರು ಅಡಿ ಮತ್ತು ಗಿಡದಿಂದ ಗಿಡಕ್ಕೆ ಐದು ಅಡಿ ಅಂತರವಿರಲಿ. ಗುಂಟೆಗೆ ೧೦೮೯ ಚದರಡಿಯಾದುದರಿಂದ, ಬದು ಕಾಲುವೆಗಳನ್ನು ಕಳೆದು ದುಂಡು ಮಲ್ಲಿಗೆ ಸುಮಾರು ೬೦, ಜಾಜಿ ಸುಮಾರು ೩೦ ಗಿಡಗಳು ಹಿಡಿಯುವುವು.

ಚಪ್ಪರ

ಮಾರಾಟಕ್ಕೆ ಬೆಳೆಯುವವರು ಮಲ್ಲಿಗೆಯನ್ನು ಪೊದೆಯಾಗಿಯೇ ಇಡುವುದು ಲಾಭಕರವು. ಮನೆಯ ಬಳಕೆಗೆ ಚಪ್ಪರ ಹಾಕುವುದಾದರೆ ಆಳೆತ್ತರಕ್ಕಿಂತ ಮೇಲೆ ಹೋಗಕೂಡದು. ಕೈಗೆ ಎಟುಕದ ಮೊಗ್ಗು ಇದ್ದೂ ಇಲ್ಲದಂತೆ. ಕಲ್ಲಿನ ಕಂಬವೂ ತಂತಿಯೂ ಬಿದಿರಿಗಿಂತ ಹೆಚ್ಚು ಕಾಲ ಬಾಳುವುವು. ಕಾಳಿದಾಸನ ಶಾಕುಂತಲದಲ್ಲಿ ವನಜ್ಯೋತ್ಸ್ನೆಯೆಂಬ ನವಮಲ್ಲಿಕೆಯು ಮಾವಿನ ಮರವನ್ನು ವರಿಸಿದುದಾಗಿ ಹೇಳಿದೆ. ಕಾವ್ಯಕ್ಕೆ ಅದು ಸೊಗಸು. ತೋಟದಲ್ಲಿ ಮಾತ್ರ ಮಾವಿಗೂ ನಷ್ಟ, ಮಲ್ಲಿಗೆಗೂ ನೆರಳು.

ಮಲ್ಲಿಗೆಯ ವಾಸನೆಗೆ ಹಾವು ಬರುವುದೆಂಬ ನಂಬಿಕೆ ಬಹಳ ಕಡೆ ಉಂಟು. ಹಾವು ಬರುವುದು ವಾಸನೆಗಲ್ಲ. ಸವರದ ಬಳ್ಳಿಯ ಬುಡದ ಕಸದಲ್ಲಿ ಸೇರಿಕೊಳ್ಳುವ ಇಲಿ ಕಪ್ಪೆಗಳಿಗಾಗಿ. ನಸುಕಿನಲ್ಲಿ ಹೆಂಗಸರೂ ಮಕ್ಕಳೂ ಕೈಹಾಕುವ ಸ್ಥಳವಿದು. ಆದುದರಿಂದ ಬುಡದಿಂದ ಒಂದು ಅಡಿಯ ಎತ್ತರದ ವರೆಗೆ ಕೊಂಬೆ ಕಸಗಳಿಲ್ಲದಂತೆ ಸದಾ ಶುದ್ಧವಾಗಿಡತಕ್ಕದ್ದು.

ನೀರು ನಿಲ್ಲಿಸುವುದು, ಸವರುವುದು

ಈ ಬೇಸಾಯದ ಜೀವಾಳವಿದು. ಮಳೆಗಾಲ ಕಳೆದ ಮೇಲೆ, ಸವರುವುದಕ್ಕೆ ಮೂರು ನಾಲ್ಕು ವಾರ ಮುಂಚಿತವಾಗಿ ನೀರನ್ನು ನಿಲ್ಲಿಸಬೇಕು. ಎಲೆ ಬಾಡಿ ಕೆಲವು ಉದುರುವುವು; ಇದನ್ನು ಕಂಡು ಮರುಗಿ ನೀರು ಬಿಡಬಾರದು. ಈ ವಿಶ್ರಾಂತಿಯೇ ಮುಂದಿನ ಹೂವಿಗೆ ಮೂಲ. ಅನಂತರ—

ದುಂಡು ಮಲ್ಲಿಗೆಯನ್ನು ನವೆಂಬರ್ ಕೊನೆಯಲ್ಲಿ,
ಜಾಜಿಯನ್ನು ಡಿಸೆಂಬರ್ ಮಧ್ಯದಿಂದ ಜನವರಿ ಮಧ್ಯದೊಳಗೆ,
ಸೂಜಿ ಮಲ್ಲಿಗೆಯನ್ನು ಜನವರಿ ಕೊನೆಯಲ್ಲಿ,
ರಂಗೂನ್ ಮಲ್ಲಿಗೆಯನ್ನೂ ಹನಿಸಕಲ್ಲನ್ನೂ ಫೆಬ್ರವರಿಯೊಳಗೆ,
ಮಾಧವಿಯನ್ನು ಹೂವು ಮುಗಿದೊಡನೆ

ಸವರತಕ್ಕದ್ದು. ಪೊದೆಯಾಗಿ ಬೆಳೆಸಿದ ಮಲ್ಲಿಗೆಯನ್ನು ನೆಲದಿಂದ ಒಂದೂವರೆ ಅಡಿಗೆ, ಜಾಜಿಯನ್ನು ಎರಡು ಅಡಿಗೆ ಕತ್ತರಿಸಿ, ಉಳಿದ ಎಲೆಗಳನ್ನೂ ಕಿತ್ತುಹಾಕಬೇಕು. ಚಪ್ಪರದ ಬಳ್ಳಿಯಲ್ಲಿ ಮುಖ್ಯವಾದ ತೋಳುಗಳನ್ನು ಉಳಿಸಿ, ಪಕ್ಕದ ಕೊಂಬೆಗಳನ್ನು ಎರಡು ಮೂರು ಗಿಣ್ಣುಗಳಿಗೆ ಮೊಟಕುಮಾಡಬೇಕು. ಒಣಗಿದ, ರೋಗ ಹಿಡಿದ, ಒಳಮುಖವಾಗಿ ಬೆಳೆದ ಕೊಂಬೆಗಳನ್ನು ಪೂರ್ತಿ ತೆಗೆಯಬೇಕು. ಕತ್ತಿಯು ಹರಿತವಾಗಿರಲಿ, ಮೊಂಡುಕತ್ತಿಯಿಂದ ಸಿಗಿದ ಕೊಂಬೆಯು ಕೆಳಮುಖವಾಗಿ ಒಣಗುವುದು.

ಹೀಗೆ ಬೋಳಿಸಿದ ತೋಟವನ್ನು ನೋಡಿ ಮನೆಯವರು ಗಾಬರಿಯಾಗುವುದು ಸಹಜವು. ಮೊದಲ ವರ್ಷ ನಂಬಿಕೆ ಸಾಲದವರು ಅರ್ಧ ಗಿಡಗಳನ್ನು ಸವರಿ ಅರ್ಧವನ್ನು ಹಾಗೆಯೇ ಬಿಟ್ಟು, ಏಪ್ರಿಲ್ ತಿಂಗಳಲ್ಲಿ ಎರಡರ ಮೊಗ್ಗನ್ನೂ ಎಣಿಸಿ ನೋಡಲಿ. ಆಮೇಲೆ ಯಾರ ಉಪದೇಶವೂ ಬೇಕಾಗುವುದಿಲ್ಲ.

ಗೊಬ್ಬರ

ಸವರಿದ ಕೂಡಲೆ ಬುಡವನ್ನು ಅಗೆದು ಗಿಡಕ್ಕೆ ೧೦ ಕಿಲೋ ಕೊಟ್ಟಿಗೆ ಗೊಬ್ಬರ ಹಾಕಿ ನೀರು ಕಟ್ಟಬೇಕು. ಕೊಂಡ ಗೊಬ್ಬರ ಹಾಕುವವರು ಗಿಡವೊಂದಕ್ಕೆ ವರ್ಷಕ್ಕೆ ಯೂರಿಯ ೧೩೦ ಗ್ರಾಂ, ಸೂಪರ್ ಫಾಸ್ಫೇಟ್ ೭೫೦ ಗ್ರಾಂ, ಪೊಟ್ಯಾಷ್ ೨೦೦ ಗ್ರಾಂ ಲೆಕ್ಕದಲ್ಲಿ, ಅರ್ಧವನ್ನು ಸವರಿದಾಗಲೂ ಅರ್ಧವನ್ನು ಜೂನ್ ಜುಲೈಯಲ್ಲಿಯೂ ಕೊಡುವುದು. ಯೂರಿಯ ಹೆಚ್ಚಾದರೆ ಎಲೆ ಹೆಚ್ಚುವುದು, ಹೂವು ತಗ್ಗುವುದು. ಎಲೆಯ ನರಗಳು ಹಸುರಾಗಿದ್ದು ನಡುವೆ ಹಳದಿಯಾದರೆ ಕಬ್ಬಿಣದ ಕೊರತೆಯೆಂದು ತಿಳಿದು, ಲೀಟರು ನೀರಿಗೆ ೫ ಗ್ರಾಂ ಅನ್ನಭೇದಿಯನ್ನು ಕರಗಿಸಿ ಸಿಂಪಡಿಸಬೇಕು.

ಕೀಟ, ರೋಗ

ಮೊಗ್ಗು ಕೊರೆಯುವ ಹುಳು ಮೊಗ್ಗಿನಲ್ಲಿ ತೂತುಮಾಡಿ ಒಳಗನ್ನು ತಿನ್ನುವುದು. ಮತ್ತೊಂದು ಸಣ್ಣ ನೊಣದ ಮರಿಗಳಿಂದ ಮೊಗ್ಗಿನ ಬುಡ ಊದಿ, ಬಣ್ಣ ನೇರಿಳೆಗೆ ತಿರುಗಿ, ಅರಳದೆ ಉದುರುವುದು. ಎರಡಕ್ಕೂ ಮೊದಲ ಚಿಕಿತ್ಸೆಯೆಂದರೆ ಕೆಟ್ಟ ಮೊಗ್ಗುಗಳನ್ನು ದಿನವೂ ಆರಿಸಿ ಸುಡುವುದು, ಬುಡದ ಮಣ್ಣನ್ನು ಕೆದಕಿ ಬಿಸಿಲಿಗೊಡ್ಡುವುದು. ೫ ಕಿಲೋ ಬೇವಿನ ಬೀಜದ ತಿರುಳನ್ನು ಕುಟ್ಟಿ ರಾತ್ರಿ ನೆನೆಸಿ ಸೋಸಿ, ೧೦೦ ಲೀಟರು ನೀರಿಗೆ ಬೆರೆಸಿ ಸಿಂಪಡಿಸುವುದೂ ಒಳ್ಳೆಯದು. ಬೇಸಿಗೆಯ ಕೆಂಪು ನುಸಿಗೂ, ಸೂಜಿ ಮಲ್ಲಿಗೆಯ ಎಲೆಯ ಮೇಲೆ ಬಿಳಿಯ ತುಪ್ಪಳದಂತಾಗುವ ಗಂಟುನುಸಿಗೂ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ ೩ ಗ್ರಾಂ ಪ್ರಕಾರ ಹೊಡೆಯಬೇಕು. ಬುಡ ಕೊಳೆಯುವ ರೋಗಕ್ಕೆ, ಅಡಿಕೆಯ ಕೊಳೆರೋಗಕ್ಕೆ ಬಳಸುವ ಬೋರ್ಡೋ ದ್ರಾವಣವನ್ನೇ ಬುಡಕ್ಕೆ ಹೊಯ್ಯಬಹುದು. ಅದರ ಪ್ರಮಾಣ: ಮೈಲುತುತ್ತ ೧ ಕಿಲೋ, ಸುಣ್ಣ ೧ ಕಿಲೋ, ನೀರು ೧೦೦ ಲೀಟರು.

ಈ ಹೂವನ್ನು ಮುಡಿಯುವವರೂ ಮೂಸುವವರೂ ಮನುಷ್ಯರು; ಬಿಡಿಸುವವರು ಬರಿಗೈಯ ಹೆಂಗಸರು ಎಂಬುದನ್ನು ಮರೆಯತಕ್ಕದ್ದಲ್ಲ. ಹೂವಿನ ಕಾಲದಲ್ಲಿ ಉಗ್ರವಾದ ವಿಷಗಳನ್ನು ಹೊಡೆಯುವುದು ಪಾಪವೂ ಹೌದು, ವ್ಯಾಪಾರಕ್ಕೆ ಕೇಡೂ ಹೌದು.

ಹೂ ಬಿಡಿಸುವುದು, ಮಾರಾಟ

ಸಂಜೆ ಅರಳತಕ್ಕ ಪೂರ್ಣ ಬೆಳೆದ ಮೊಗ್ಗನ್ನು ಆ ದಿನ ಸೂರ್ಯೋದಯಕ್ಕೆ ಮುಂಚೆಯೇ ಬಿಡಿಸಬೇಕು. ಬಿಸಿಲೇರಿದ ಮೇಲೆ ಬಿಡಿಸಿದ ಮೊಗ್ಗು ತೂಕವನ್ನೂ ಬಾಳಿಕೆಯನ್ನೂ ಕಳೆದುಕೊಳ್ಳುವುದು. ಸುಗಂಧ ತೆಗೆಯುವವರಿಗೆ ಕೊಡುವ ಜಾಜಿಯನ್ನು ಮಾತ್ರ ಅರಳಿದ ಮೇಲೆ ನಸುಕಿನಲ್ಲಿ ಬಿಡಿಸುವುದು. ಸಾವಿರ ಕಿಲೋ ಹೂವಿನಿಂದ ಸುಮಾರು ಮೂರು ಕಿಲೋ ಸುಗಂಧದ ಮೇಣ ದೊರೆಯುವುದು. ಉಡುಪಿಯ ಕಡೆ ಹೂವನ್ನು ಬಾಳೆನಾರಿನಲ್ಲಿ ಕಟ್ಟಿ, ೮೦೦ ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕದಲ್ಲಿ ಮಾರುವರು. ಅಟ್ಟೆಯ ಬೆಲೆಯು ಪ್ರತಿದಿನ ಗೊತ್ತಾಗುವುದು. ಅಳತೆ ಒಂದೇ ಆಗಿರುವುದರಿಂದ ಬೆಳೆಗಾರನಿಗೆ ಮೋಸ ಕಡಿಮೆ.

ಹೂವಿನ ಬೇಸಾಯಕ್ಕೆ ಬೇಕಾದುದು ನೆಲಕ್ಕಿಂತ ಹೆಚ್ಚಾಗಿ ಕೈ. ಎಷ್ಟು ಗುಂಟೆ ನೆಡಬೇಕೆಂಬುದನ್ನು ಜಮೀನಿನ ವಿಸ್ತಾರದಿಂದಲ್ಲ, ನಸುಕಿನಲ್ಲಿ ಎದ್ದು ಬಿಡಿಸಬಲ್ಲವರು ಮನೆಯಲ್ಲಿ ಎಷ್ಟು ಮಂದಿ ಎಂಬುದರಿಂದ ನಿಶ್ಚಯಿಸಬೇಕು. ಒಂದೇ ಜಾತಿಯನ್ನು ನೆಟ್ಟವನಿಗೆ ಏಪ್ರಿಲ್‌ನಲ್ಲಿ ಹೂವಿನ ರಾಶಿ, ಬೆಲೆಯಿಲ್ಲ. ಡಿಸೆಂಬರಿನಲ್ಲಿ ಬೆಲೆಯುಂಟು, ಹೂವಿಲ್ಲ. ದುಂಡು ಮಲ್ಲಿಗೆ, ಸೂಜಿ ಮಲ್ಲಿಗೆ, ಜಾಜಿ, ಕಾಕಡಗಳನ್ನು ಪಾಲುಮಾಡಿ ನೆಟ್ಟರೆ ವರ್ಷದ ಬಹುಭಾಗ ಕೈಯಲ್ಲಿ ಕಾಸಾಡುವುದು.

ಗ್ರಾಮದ ಮುಖ್ಯಸ್ಥರಿಗೆ

ಪೇಟೆಗೆ ಒಬ್ಬನೇ ಒಂದು ಪುಟ್ಟಿ ಹೂವನ್ನು ಒಯ್ದರೆ ದಾರಿಯ ಖರ್ಚು ಹೂವಿನ ಬೆಲೆಯನ್ನು ನುಂಗುವುದು. ಹತ್ತು ಮನೆಯವರು ಕೂಡಿ, ಬೆಳಗಿನ ಮೊದಲ ವಾಹನದಲ್ಲಿ ಒಟ್ಟಿಗೆ ಕಳುಹಿಸುವ ಏರ್ಪಾಡನ್ನು ಊರಿನ ಹಿರಿಯರು ಮಾಡಿಸಬೇಕು. ದೇವಸ್ಥಾನದ ಅಥವಾ ಶಾಲೆಯ ತೋಟದಲ್ಲಿ ಉತ್ತಮವಾದ ತಾಯಿಗಿಡಗಳನ್ನು ಬೆಳೆಸಿ, ಮಳೆಗಾಲದಲ್ಲಿ ಕಡ್ಡಿಗಳನ್ನು ಬಡವರಿಗೆ ಹಂಚುವುದೂ, ಸವರುವ ದಿನವನ್ನು ಗೊತ್ತುಮಾಡಿ ಎಲ್ಲರೆದುರಿಗೆ ಒಂದು ಗಿಡವನ್ನು ಸವರಿ ತೋರಿಸುವುದೂ ಹೆಚ್ಚಿನ ವೆಚ್ಚವಿಲ್ಲದ ಉಪಕಾರಗಳು.

ಸಾರಾಂಶ

೧. ಬಿಸಿಲೂ ಬಸಿಯುವ ಮಣ್ಣೂ ಇರುವ ಸ್ಥಳದಲ್ಲಿ ನೆಡಿರಿ.
೨. ಹೆಚ್ಚು ಹೂಬಿಟ್ಟ ಗಿಡದಿಂದಲೇ ಕಡ್ಡಿ ತೆಗೆಯಿರಿ.
೩. ಸವರುವ ಮುಂಚೆ ಮೂರು ನಾಲ್ಕು ವಾರ ನೀರು ನಿಲ್ಲಿಸಿರಿ.
೪. ಮಲ್ಲಿಗೆಯನ್ನು ಹೂವಿಗೆ ಮುಂಚೆಯೂ, ಮಾಧವಿಯನ್ನು ಹೂವು ಮುಗಿದ ಮೇಲೆಯೂ ಸವರಿರಿ.
೫. ಹನಿಸಕಲ್ಲನ್ನು ತಂಪು ಸೀಮೆಯಲ್ಲಿ, ಕಾಡಿನಿಂದ ದೂರವಾಗಿ ಮಾತ್ರ ಬೆಳೆಸಿರಿ.
೬. ಹೂವಿನ ಮೇಲೆ ವಿಷ ಹೊಡೆಯಬೇಡಿರಿ.
೭. ಕೈಗಳನ್ನು ಎಣಿಸಿ ಗುಂಟೆಯನ್ನು ನಿಶ್ಚಯಿಸಿರಿ. ಜಾತಿಗಳನ್ನು ಬೆರೆಸಿ ನೆಡಿರಿ.